ಪೇಂಟ್‌ಬಾಲ್ ಗುರಿ ಯಾಕೆ ತಪ್ಪುತ್ತೆ? ಮಗಳ ಸೈನ್ಸ್ ಪ್ರಾಜೆಕ್ಟ್‌ಗೆ ನಿಮ್ಮ ಅನುಭವ ಹೇಳಿ

ಕೇಳಿದವರು (ಬೆಂಗಳೂರು, 9ನೇ ಕ್ಲಾಸ್ ಹುಡುಗಿಯ ಅಮ್ಮ):
ಕಸಿನ್ ಬರ್ತ್‌ಡೇಗೆ ಎಲ್ರೂ ಪೇಂಟ್‌ಬಾಲ್ ಆಡೋಕೆ (ಬಣ್ಣ ತುಂಬಿದ ಗುಂಡು ಗನ್‌ನಲ್ಲಿ ಹೊಡೆಯೋ ಆಟ) ಹೋಗಿದ್ವಿ, ಅಲ್ಲಿಂದ ಬಂದಾಗಿಂದ ಮಗಳದ್ದು ಒಂದೇ ಪ್ರಶ್ನೆ, ಗನ್ ಅಲ್ಲಾಡಿಸದೇ ಹೊಡೆದ್ರೂ ಗುಂಡು ಒಂದೊಂದ್ಸಲ ಒಂದೊಂದು ಕಡೆ ಯಾಕೆ ಹೋಗುತ್ತೆ ಅಂತ. ಸ್ಕೂಲ್ ಪ್ರಾಜೆಕ್ಟ್‌ಗೂ ಇದನ್ನೇ ತಗೊಂಡಿದ್ದಾಳೆ. ಬ್ಯಾರಲ್ (ಗನ್‌ನ ನಳಿಗೆ) ಉದ್ದ ಬದಲಾಯಿಸಿ ನೋಡೋದು ಅಂತ ಪ್ಲ್ಯಾನ್, ಸರಿನಾ? ಹೊಡೆಯೋದು ನಮ್ಮ ಯಜಮಾನ್ರು, ಅಳೆಯೋದು ಅವಳು.

ಮೊದಲು ಪೇಂಟ್‌ಬಾಲ್ ಗ್ರೌಂಡಲ್ಲಿ ಕೆಲ್ಸ ಮಾಡ್ತಿದ್ದವರು:
ಮೇಡಂ, ಬ್ಯಾರಲ್ ಉದ್ದ ಬಿಡಿ, ಅದ್ರಲ್ಲಿ ದೊಡ್ಡ ವ್ಯತ್ಯಾಸ ಏನೂ ಸಿಗಲ್ಲ. ಗುಂಡು ನೋಡಿ ಮೊದ್ಲು. ಅದರ ಸಿಪ್ಪೆ ಜೆಲಟಿನ್, ಮಾತ್ರೆ ಕ್ಯಾಪ್ಸೂಲ್ ಇರುತ್ತಲ್ಲ ಅದೇ ಥರ, ಗಾಳಿಲಿರೋ ತೇವ ಎಳ್ಕೊಂಡು ಊದ್ಕೊಳ್ಳುತ್ತೆ. ಒಂದ್ಸಲ ಜುಲೈ ಮಳೇಲಿ ಯಾರೋ ಒಂದು ಪ್ಯಾಕೆಟ್ ಬಾಯಿ ಕಟ್ಟದೆ ಬಿಟ್ಟು ಹೋಗಿದ್ರು, ಮೂರು ದಿನ ಆದ್ಮೇಲೆ ಕೈ ಹಾಕಿದ್ರೆ ಗುಂಡೆಲ್ಲಾ ಒಂದಕ್ಕೊಂದು ಅಂಟ್ಕೊಂಡು, ಒತ್ತಿದ್ರೆ ದ್ರಾಕ್ಷಿ ಹಣ್ಣಿನ ಥರ ಮೆತ್ತಗೆ, ಸಿಪ್ಪೆಯ ಎರಡು ಅರ್ಧ ಸೇರೋ ಜಾಯಿಂಟ್ ಗೆರೆ ಹತ್ರ ಉಬ್ಬಿತ್ತು. ಅದನ್ನ ಹೊಡೆದ್ರೆ ಅರ್ಧದಷ್ಟು ಗುಂಡು ಬ್ಯಾರಲ್ ಒಳಗೇ ಒಡೀತು, ಮಿಕ್ಕಿದ್ದು ಎಲ್ಲೆಲ್ಲೋ ಹೋಯ್ತು. ಒಳಗೆ ಒಂದ್ ಗುಂಡು ಒಡೆದ್ರೂ ಬ್ಯಾರಲ್ ಪೂರ್ತಿ ಒರೆಸೋವರೆಗೂ ಮುಂದಿಂದ್ಯಾವ್ದೂ ನೆಟ್ಟಗೆ ಹೋಗಲ್ಲ, ಅಂಥ ಶಾಟ್ ಲೆಕ್ಕಕ್ಕೆ ತಗೋಬೇಡಿ.
ಬ್ಯಾರಲ್‌ಗೂ ಗುಂಡಿಗೂ ಅಳತೆ ಹೊಂದುತ್ತಾ ನೋಡೋಕೆ ಬ್ಯಾರಲ್‌ನ ಗನ್‌ನಿಂದ ಪೂರ್ತಿ ಬಿಚ್ಚಿ, ಕ್ಲೀನ್ ಮಾಡಿ, ಗುಂಡು ಹಾಕಿ. ತಾನಾಗೇ ಉರುಳಿ ಬಿದ್ರೆ ಲೂಸು, ಊದಿದ್ರೂ ಅಲ್ಲಾಡದಿದ್ರೆ ಟೈಟು, ಅಲ್ಲೇ ನಿಂತಿದ್ದು ಉಫ್ ಅಂದ ತಕ್ಷಣ ಹೊರಗೆ ಬಂದ್ರೆ ಸರಿ. ಗಾಗಲ್ ಮಾತ್ರ ಅಳೆಯೋ ಮಗೂಗೂ ಇರ್ಬೇಕು, ಅದ್ರಲ್ಲಿ ರಾಜಿ ಇಲ್ಲ.

ಧಾರವಾಡದ ಹೈಸ್ಕೂಲ್ ಮಾಸ್ತರು:
ಅಕ್ಕಾರ, ನಾ ಪೇಂಟ್‌ಬಾಲ್ ಆಡಿಲ್ರಿ, ಆದ್ರ ಲೆಕ್ಕ ಹೇಳ್ತೀನಿ. ಗುಂಡು ಸುಮಾರು 3 ಗ್ರಾಂ, ಅಡ್ಡಳತಿ 17.3 ಮಿ.ಮೀ., ವೇಗ ಸೆಕೆಂಡಿಗೆ 85 ಮೀಟರ್ ಅಂತ ಹಿಡೀರಿ. ಇಷ್ಟು ಹಗುರ ಗುಂಡಿಗೆ ಗಾಳಿ ತಡಿಯೋದು ಭಾಳ ಜಾಸ್ತಿ, 20 ಮೀಟರ್ ಹೋಗೂದ್ರಾಗ ಮೂರನೇ ಒಂದು ಪಾಲು ವೇಗ ಹೋಗಿಬಿಡ್ತೈತಿ. 10 ಮೀಟರ್‌ಗೆ ಸುಮಾರು 8 ಸೆಂ.ಮೀ. ಕೆಳಗ ಇಳಿತೈತಿ, 20 ಮೀಟರ್‌ಗೆ ಎರಡಪಟ್ಟಲ್ಲ, ಹತ್ತಿರ ಹತ್ತಿರ ಐದಪಟ್ಟು! ಮಗಳಿಗೆ ಈ ಲೆಕ್ಕ ತಾನ ಮಾಡಾಕ ಹೇಳ್ರಿ, ಆಮ್ಯಾಲ ಅಳದು ನೋಡ್ಲಿ, ಭಾಳ ಖುಷಿ ಆಗ್ತೈತಿ.
ಇನ್ನೊಂದು, ಎಲ್ಲಾ ಗುಂಡು ಒಂದ ಕಡೆ ಕೂಡಿ ನಡುವಿಂದ ಒಂದು ಗೇಣು ಎಡಕ್ಕ ಬಿದ್ರ ಅದು ಗನ್ ಇಟ್ಟ ದಿಕ್ಕಿನ ತಪ್ಪು. ಚದುರಿ ಬಿದ್ರ ಗುಂಡಿಂದು, ವೇಗದ್ದು, ಗಾಳಿದು. ಇವೆರಡನ್ನೂ ಬ್ಯಾರೆ ಬ್ಯಾರೆ ಬರೀಬೇಕ್ರಿ.

ಡಲ್ಲಾಸ್‌ನಿಂದ, ವೀಕೆಂಡ್ ಆಡೋರು:
ಗುಂಡನ್ನ ತಳ್ಳೋ ಗ್ಯಾಸ್ ಸಿಲಿಂಡರ್ ಯಾವ್ದು ಅಂತ ಕೇಳ್ಕೊಳಿ. ಸಿಒಟು (ಇಂಗಾಲದ ಡೈಆಕ್ಸೈಡ್) ಆದ್ರೆ ಪಟಪಟ ಹೊಡೀತಾ ಹೋದ ಹಾಗೆ ಬಾಟಲ್ ತಣ್ಣಗಾಗುತ್ತೆ, ಮುಟ್ಟಿದ್ರೇ ಗೊತ್ತಾಗುತ್ತೆ, ಪ್ರೆಷರ್ ಇಳಿಯುತ್ತೆ, ಗುಂಡು ಕೆಳಗೆ ಬೀಳೋಕೆ ಶುರು ಆಗುತ್ತೆ. ಒಂದೊಂದು ಶಾಟ್ ಮಧ್ಯೆ ಅರ್ಧ ನಿಮಿಷ ಬಿಡಿ. ರೆಗ್ಯುಲೇಟರ್ (ಪ್ರೆಷರ್ ಒಂದೇ ಥರ ಇಡೋ ಭಾಗ) ಇರೋ ಏರ್ ಟ್ಯಾಂಕ್ ಸಿಕ್ಕಿದ್ರೆ ಈ ತಲೆನೋವು ಕಮ್ಮಿ. ಗ್ರೌಂಡಲ್ಲಿ ಕ್ರೋನೋಗ್ರಾಫ್ (ಸ್ಪೀಡ್ ಅಳೆಯೋ ಯಂತ್ರ) ಇದ್ರೆ ಪ್ರತಿ ಗುಂಡಿನ ಸ್ಪೀಡೂ ಬರ್ಕೊಳಿ.
ಬಂದೂಕಿಗಿರೋ ಹಾಗೆ ಬ್ಯಾರಲ್ ಒಳಗೆ ಸುರುಳಿ ಗೀರು ಹಾಕಿದ್ರೆ ಆಗಲ್ವಾ ಅಂತ ಅವಳು ಕೇಳೇ ಕೇಳ್ತಾಳೆ. ಒಳಗಿರೋದು ದ್ರವ, ಸಿಪ್ಪೆ ತಿರುಗಿದ್ರೂ ಅದು ಜೊತೆಗೇ ತಿರುಗಲ್ಲ, ಹಾಗಾಗಿ ಪ್ರಯೋಜನ ಕಮ್ಮಿ. ಅದೇ ಹಿಮ್ಮುಖ ಸ್ಪಿನ್ ಕೊಟ್ರೆ ಮ್ಯಾಗ್ನಸ್ ಎಫೆಕ್ಟ್‌ನಿಂದ (ತಿರುಗೋ ಗುಂಡನ್ನ ಗಾಳಿ ಒಂದು ಕಡೆಗೆ ತಳ್ಳೋದು) ಗುಂಡು ಮೇಲೆತ್ತಿ ಇನ್ನೂ ದೂರ ಹೋಗುತ್ತೆ, ಟಿಪ್‌ಮನ್ ಕಂಪನಿಯ ಬಾಗಿದ ಫ್ಲಾಟ್‌ಲೈನ್ ಬ್ಯಾರಲ್ ಕೆಲ್ಸ ಮಾಡೋದು ಹೀಗೇ.

ಹೋದ ವರ್ಷ ಮಗನ ಜೊತೆ ಇದೇ ಮಾಡಿದ ಅಪ್ಪ, ಮೈಸೂರು:
ನಾವು ಮಾಡಿದ ತಪ್ಪು ನೀವು ಮಾಡ್ಬೇಡಿ. ಬ್ಯಾರಲ್ ಬದಲಾಯಿಸಿದ ದಿನವೇ ಗುಂಡಿನ ಪ್ಯಾಕೆಟ್ಟೂ ಹೊಸದು ತಂದ್ವಿ, ರಿಸಲ್ಟ್ ಚೆನ್ನಾಗಿ ಬಂತು, ಆದ್ರೆ ಯಾವುದರಿಂದ ಬಂತು ಅಂತ ಜಡ್ಜ್ ಕೇಳಿದಾಗ ಹುಡುಗ ಸುಮ್ನೆ ನಿಂತ್ಬಿಟ್ಟ, ನಂಗೆ ಇವತ್ತಿಗೂ ಬೇಜಾರು. ಒಂದ್ಸಲಕ್ಕೆ ಒಂದೇ ಬದಲಾಯಿಸಿ. ಗನ್ ಕೈಲಿ ಹಿಡೀಬೇಡಿ, ಟೇಬಲ್‌ಗೆ ಕ್ಲ್ಯಾಂಪ್ ಹಾಕಿ. ಐದು ಶಾಟ್ ಸಾಲಲ್ಲ, ಒಂದೊಂದು ಕಂಡೀಷನ್‌ಗೆ 20 ಆದ್ರೂ ಇರ್ಲಿ. ಪ್ಲೈವುಡ್ ಮೇಲೆ ಡ್ರಾಯಿಂಗ್ ಶೀಟ್ ಅಂಟಿಸಿ ಐದೈದು ಶಾಟ್‌ಗೆ ಶೀಟ್ ಬದಲಾಯಿಸಿ, ಬಣ್ಣ ಕೆಳಗೆ ಸೋರುತ್ತೆ, ಹೊಡೆಯೋದು ನಿಲ್ಸಿ ಗನ್ ಸೇಫ್ಟಿ ಹಾಕಿದ್ಮೇಲೇ ಹತ್ರ ಹೋಗಿ ಮಧ್ಯಭಾಗಕ್ಕೆ ಮಾರ್ಕರ್ ಪೆನ್ನಲ್ಲಿ ನಂಬರ್ ಹಾಕ್ಬೇಕು.

ಕೇಳಿದವರು:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಬ್ಯಾರಲ್ ಐಡಿಯಾ ಬಿಟ್ವಿ, ಬದಲಿಗೆ ಗುಂಡಿಗೆ ತೇವ ತಾಗಿದ್ರೆ ಏನಾಗುತ್ತೆ ಅಂತ ನೋಡ್ತಾಳೆ. ಗ್ರೌಂಡಿನವರು 80 ಗುಂಡು ಕೊಟ್ರು, 40 ಜಿಪ್ ಕವರ್‌ನಲ್ಲಿ, 40 ಅಡುಗೆಮನೆ ಸಿಂಕ್ ಪಕ್ಕ ತಟ್ಟೇಲಿ ತೆರೆದಿಟ್ಟಿದ್ದಾಳೆ. ಬೆಳಿಗ್ಗೆ ಸಂಜೆ ವರ್ನಿಯರ್ ಹಿಡ್ಕೊಂಡು ಜಾಯಿಂಟ್ ಗೆರೆ ಮೇಲೊಂದ್ಸಲ, ಗೆರೆಗೆ ಅಡ್ಡ ಒಂದ್ಸಲ ಅಳೀತಿದ್ದಾಳೆ, ತಟ್ಟೇಲಿರೋವು ಆಗ್ಲೇ ಕೈಗೆ ಅಂಟ್ತಿವೆ. ಭಾನುವಾರ ಹೊಡೆಸ್ತೀವಿ, ಶೀಟ್‌ಗಳ ಫೋಟೋ ಇಲ್ಲೇ ಹಾಕ್ತೀನಿ.