ಚಿತ್ರದುರ್ಗದ ಕೋಟೆಯಿಂದ ದಂಡು ಹೋದದ್ದು ಯಾವಾಗ, ಯಾಕೆ?

ಹೊಳಲ್ಕೆರೆ ಮೇಷ್ಟ್ರು: ಹೈಸ್ಕೂಲು ಮಕ್ಕಳಿಗೆ ಕೋಟೆ ತೋರಿಸಲು ಟಿಪ್ಪಣಿ ಬೇಕು. 1779ರಲ್ಲಿ ಹೈದರಾಲಿ ಹಿಡಿದ ಅನ್ನುವಲ್ಲಿಗೆ ಎಲ್ಲರೂ ಕಥೆ ಮುಗಿಸುತ್ತಾರೆ. ಆಮೇಲೆ ದಂಡು ಇತ್ತೇ? ಇನ್ನೊಂದು, ಗುಂಡಿಯೊಳಗಿನ ನಾಲ್ಕು ದೊಡ್ಡ ಕಲ್ಲು ಎಣ್ಣೆಗಾಣವೋ, ಸಿಡಿಮದ್ದು ಅರೆಯುವ ಕಲ್ಲೋ?

ಜೋಗಿಮಟ್ಟಿ: ಇತ್ತು ಮೇಷ್ಟ್ರೇ. ದುರ್ಗದ ಪಾಳೆಯಗಾರ ಮದಕರಿನಾಯಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು, ಸುಮಾರು 20,000 ಬೇಡರನ್ನೂ ಅತ್ತ ಸಾಗಿಸಿ ಹುಡುಗರನ್ನು ಚೇಲಾ ಪಡೆಗೆ (ಸೆರೆಹಿಡಿದ ಹುಡುಗರನ್ನು ಪಳಗಿಸಿ ಕಟ್ಟಿದ ಪಡೆ) ಹಾಕಿದರು. ಆದರೆ ಕೋಟೆ ಹೈದರ್, ಟಿಪ್ಪು ಇಬ್ಬರ ಕೈಯಲ್ಲೂ ದಂಡಿನ ಠಾಣ್ಯವಾಗಿಯೇ ಉಳಿಯಿತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಪಡೆ ಬಂದು ಕೆಲವು ವರ್ಷ ಇತ್ತು. ಹವೆ ಒಗ್ಗುವುದಿಲ್ಲ ಅಂತ ತೆಗೆದರು. ಬರೆದಿಟ್ಟ ಕಾರಣ ಇದು.

ನನ್ನ ಲೆಕ್ಕದಲ್ಲಿ ಗಡಿಯೇ ಇಲ್ಲವಾದದ್ದು ಇನ್ನೂ ದೊಡ್ಡ ಕಾರಣ. ಉತ್ತರಕ್ಕೆ ಮರಾಠರು, ನಿಜಾಮ, ದಕ್ಷಿಣಕ್ಕೆ ಮೈಸೂರು. 1799ಕ್ಕೆ ಮೈಸೂರು ಕಂಪನಿಯ ಅಂಕೆಗೆ ಬಂತು, 1800ರಲ್ಲಿ ನಿಜಾಮ ಬಳ್ಳಾರಿ ಸೀಮೆ ಬಿಟ್ಟುಕೊಟ್ಟ, 1818ಕ್ಕೆ ಮರಾಠರ ಪೇಶ್ವೆಯ ಆಟ ಮುಗಿಯಿತು. ಎರಡೂ ಕಡೆ ಒಬ್ಬನೇ ಯಜಮಾನ ಆದಮೇಲೆ ಬೆಟ್ಟದ ಮೇಲೆ ಕೂತವರಿಗೆ ಸಂಬಳ ಕೊಡುವವರು ಯಾರು?

ಕಲ್ಲುಕುಟಿಗ: ಮದ್ದಿನ ಕಲ್ಲೇ. ಗಾಣಕ್ಕೆ ಆಳದ ಒರಳು, ಅದರೊಳಗೆ ತಿರುಗುವ ಮರದ ದಿಮ್ಮಿ ಬೇಕು; ಇಲ್ಲಿರುವುದು ಬೀಸುಕಲ್ಲು. ಆನೆ ಅಥವಾ ಎತ್ತು ಕಟ್ಟಿ ತಿರುಗಿಸುತ್ತಿದ್ದರು ಎನ್ನುತ್ತಾರೆ. ಕಪ್ಪುಮದ್ದಿಗೆ ಸಾಮಾನ್ಯ ಪಾಲು ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10. ನುಣ್ಣಗೆ ಬೆರೆಯದಿದ್ದರೆ ಬುಸ್ಸೆಂದು ಉರಿದು ಸುಮ್ಮನಾಗುತ್ತದೆ, ಗುಂಡು ಹಾರುವುದಿಲ್ಲ. ಒಣಗಿದ್ದನ್ನು ಅರೆದರೆ ಕಿಡಿ ತಗುಲಿ ಹೊತ್ತಿಕೊಳ್ಳುತ್ತದೆ, ಅದಕ್ಕೇ ನೀರು ಚಿಮುಕಿಸಿ ಅರೆಯುವುದು. ಗುಂಡಿಯ ಅಂಚಿಗೆ ಮಕ್ಕಳನ್ನು ಬಿಡಬೇಡಿ.

ತುಪ್ಪದ ಕೊಳ: ನೀರಿನ ದಾರಿ ತೋರಿಸದೆ ಮಕ್ಕಳನ್ನು ಕೋಟೆಯಿಂದ ಇಳಿಸಬೇಡಿ. ಬಂಡೆಗೆ ಬಿದ್ದ ಮಳೆ ಇಂಗುವುದಿಲ್ಲ, ಹರಿಯುತ್ತದೆ. ಗೋಪಾಲಸ್ವಾಮಿ ಹೊಂಡ ಕೋಡಿ ಬಿದ್ದರೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ, ಕಡೆಗೆ ಪೇಟೆಯ ಸಂತೆ ಹೊಂಡ. ಹೂಳು ಕಟ್ಟಿದರೆ ನಡುವಿನ ಕಾಲುವೆ ಮುಚ್ಚಿ ಮೇಲಿನ ನೀರು ಪಾಚಿಗಟ್ಟುತ್ತದೆ. ಕಂಪನಿಯವರ 'ಹವೆ'ಯ ಮೂಲ ಇದೇ ಇರಬಹುದೇನೋ, ಊಹೆ ಅಷ್ಟೇ.

ಹೊಳಲ್ಕೆರೆ ಮೇಷ್ಟ್ರು: ಬಾಗಿಲಿಂದ ಬಾಗಿಲಿಗೆ ದಾರಿ ಅಷ್ಟೊಂದು ತಿರುವು ಯಾಕೆ?

ಕಲ್ಲುಕುಟಿಗ: ಆನೆಗೆ ಓಡಿ ಬಂದು ಕದಕ್ಕೆ ಗುದ್ದಲು ನೇರ ಜಾಗ ಸಿಗಬಾರದು ಅಂತ. ಫಿರಂಗಿಗೂ ಅಷ್ಟೇ, ದೂರದಿಂದ ಕದ ಕಾಣುವುದೇ ಇಲ್ಲ. ತಿರುವಿನಲ್ಲಿ ಮಕ್ಕಳನ್ನು ನಿಲ್ಲಿಸಿ ತಲೆ ಎತ್ತಿ ನೋಡಲು ಹೇಳಿ, ಒಳನುಗ್ಗುವವರ ಮೇಲೆ ಕಲ್ಲು ಎಲ್ಲಿಂದ ಬೀಳುತ್ತಿತ್ತು ಅಂತ ಅವರೇ ಹೇಳುತ್ತಾರೆ.