ಪೀಣ್ಯ ಪಕ್ಕದ ಬಡಾವಣೆ: ಹೊಗೆ, ಧೂಳು ತಗ್ಗಿಸುವ ಕೆಲಸಕ್ಕೆ ನಮ್ಮ ಸಂಘಕ್ಕೆ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಸಿಗುತ್ತದೆಯೇ?

ದಾಸರಹಳ್ಳಿ_ನಿವಾಸಿ:
ಬಡಾವಣೆಯ ಒಂದು ಮಗ್ಗುಲಿಗೆ ಪೀಣ್ಯ ಕೈಗಾರಿಕಾ ಪ್ರದೇಶ, ಇನ್ನೊಂದಕ್ಕೆ ತುಮಕೂರು ರಸ್ತೆಯ ಲಾರಿ ಸಾಲು. ಸಾಲದ್ದಕ್ಕೆ ಖಾಲಿ ಸೈಟುಗಳಲ್ಲಿ ಕಸಕ್ಕೆ ಬೆಂಕಿ. ಫೆಬ್ರವರಿ, ಮಾರ್ಚ್ ಬಂದರೆ ತರಗೆಲೆ ರಾಶಿಗೂ ಬೆಂಕಿ. ನಿವಾಸಿಗಳ ಸಂಘ ಇದೆ, ನೋಂದಣಿ ಆಗಿಲ್ಲ. ಕಂಪನಿಯೊಂದು ಸುಮಾರು 8 ಲಕ್ಷದ ಪ್ರಸ್ತಾವನೆ ಕೊಡಿ ಎಂದಿದೆ. ಹತ್ತು ಗಾಳಿ ಸೆನ್ಸರ್ ಕೇಳೋಣ ಅನ್ನುವುದು ಸಂಘದ ಯೋಚನೆ. ಹಣ ನೇರ ಸಂಘದ ಖಾತೆಗೆ ಬರುತ್ತದೆಯೇ? ಪ್ರಸ್ತಾವನೆಯಲ್ಲಿ ಏನೇನಿರಬೇಕು?

ಲೆಕ್ಕಪತ್ರ:
ನೇರವಾಗಿ ಬರುವುದಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಸಿಎಸ್‌ಆರ್ ಹಣ ಪಡೆಯುವ ಹೊರಗಿನ ಸಂಸ್ಥೆ ನೋಂದಾಯಿತ ಸಾರ್ವಜನಿಕ ಟ್ರಸ್ಟ್, ಸೊಸೈಟಿ ಅಥವಾ ಸೆಕ್ಷನ್ 8 ಕಂಪನಿ (ಲಾಭದ ಉದ್ದೇಶವಿಲ್ಲದ ಕಂಪನಿ) ಆಗಿರಬೇಕು. ಆದಾಯ ತೆರಿಗೆ ಕಾಯ್ದೆಯ 12ಎ, 80ಜಿ ನೋಂದಣಿ ಬೇಕು, ಅದೇ ಬಗೆಯ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಬೇಕು. 2021ರ ಏಪ್ರಿಲ್‌ನಿಂದ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಿಎಸ್‌ಆರ್-1 ಫಾರ್ಮ್ ಸಲ್ಲಿಸಿ ಸಂಖ್ಯೆ ಪಡೆದಿರಲೇಬೇಕು. ಏಳು ಜನ ಸೇರಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ನೋಂದಾಯಿಸಬಹುದು. ಅದನ್ನು ಈಗಲೇ ಮಾಡಿ. ಆದರೆ ಮೂರು ವರ್ಷದ ಷರತ್ತು ಇರುವುದರಿಂದ ಈ ಸಲದ ಹಣಕ್ಕೆ ಅದು ಆಗಿಬರುವುದಿಲ್ಲ.

ಸದ್ಯಕ್ಕೆ ಇರುವ ದಾರಿ, ಇವೆಲ್ಲ ಇರುವ ಸಂಸ್ಥೆಯೊಂದರ ಮೂಲಕ ಹಣ ತರಿಸುವುದು. ಆ ಸಂಸ್ಥೆಯ ಜೊತೆ ಬರಹದಲ್ಲೇ ಒಪ್ಪಂದ ಆಗಲಿ: ಪ್ರತ್ಯೇಕ ಬ್ಯಾಂಕ್ ಖಾತೆ, ಅವರ ನಿರ್ವಹಣಾ ಖರ್ಚು ಶೇಕಡಾ ಎಷ್ಟು, ಉಪಕರಣ ಯಾರ ಹೆಸರಿನಲ್ಲಿ, ಮಾಪನದ ಅಂಕಿಗಳು ಯಾರವು. ಕೊನೆಯದನ್ನು ಬಿಟ್ಟರೆ ನಾಳೆ ಅಂಕಿ ಪ್ರಕಟಿಸಲು ಹಣ ಕೊಟ್ಟವರ ಅಪ್ಪಣೆಗೆ ಕಾಯಬೇಕಾಗುತ್ತದೆ. ಹಣ ಕೊಡುವವರು ಅದೇ ಪ್ರದೇಶದ ಕಾರ್ಖಾನೆಯವರಾದರಂತೂ ಈ ಸಾಲು ಇಲ್ಲದೆ ಸಹಿ ಹಾಕಲೇಬೇಡಿ.

ಇನ್ನೊಂದು ಮಾತು. ಬೇರೆ ಕಾನೂನಿನ ಪ್ರಕಾರ ಕಂಪನಿ ಮಾಡಲೇಬೇಕಾದ ಕೆಲಸ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಅವರದೇ ಚಿಮಣಿ, ಅವರದೇ ತ್ಯಾಜ್ಯನೀರಿನ ಘಟಕ ನಿಮ್ಮ ಪ್ರಸ್ತಾವನೆಯೊಳಗೆ ನುಸುಳದಂತೆ ನೋಡಿಕೊಳ್ಳಿ.

ಹೆಚ್ಚಿನ ಕಂಪನಿಗಳಲ್ಲಿ ವಾರ್ಷಿಕ ಯೋಜನೆ ಆರ್ಥಿಕ ವರ್ಷದ ಆರಂಭದಲ್ಲೇ ಮಂಜೂರಾಗುತ್ತದೆ. ಜನವರಿಯಲ್ಲಿ ಕೇಳಿದರೆ ಮಾರ್ಚ್ 31ರೊಳಗೆ ಮುಗಿಸಿ ಅನ್ನುತ್ತಾರೆ, ಆಗ ಸಾಮಾನು ಕೊಳ್ಳುವುದು ಬಿಟ್ಟು ಬೇರೇನೂ ಮಾಡಲಾಗದು. ಮೊದಲೇ ಇದನ್ನು ‘ಮುಂದುವರಿಯುವ ಯೋಜನೆ’ ಎಂದು ಮಂಜೂರು ಮಾಡಿಸಿಕೊಳ್ಳಿ. ಹಾಗಾದರೆ ಉಳಿದ ಹಣ ಪ್ರತ್ಯೇಕ ಖಾತೆಗೆ ಹೋಗಿ ಮುಂದಿನ ವರ್ಷಕ್ಕೂ ನಿಮ್ಮ ಕೆಲಸಕ್ಕೇ ಉಳಿಯುತ್ತದೆ.

ಮಾಪಕಿ:
ಹತ್ತು ಸೆನ್ಸರ್ ಬೇಡ, ನಾಲ್ಕು ಸಾಕು. ಒಂದು ಕಾರ್ಖಾನೆಗಳ ಅಂಚಿಗೆ, ಒಂದು ಹೆದ್ದಾರಿ ಕಡೆಗೆ, ಒಂದು ಬಡಾವಣೆಯ ಒಳಗೆ. ನಾಲ್ಕನೆಯದು ಕೆಟ್ಟದ್ದರ ಜಾಗ ತುಂಬಲು. ಮೊದಲು ನಾಲ್ಕನ್ನೂ ಪೀಣ್ಯದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರದ ಪಕ್ಕದಲ್ಲಿ ಎರಡು ವಾರ ಇಟ್ಟು ಗಂಟೆವಾರು ಸರಾಸರಿ ಹೋಲಿಸಿ. ಇದಕ್ಕೆ ಮಂಡಳಿಯ ಲಿಖಿತ ಅನುಮತಿ ಬೇಕು, ಅರ್ಜಿಯನ್ನು ಈಗಲೇ ಹಾಕಿ. ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಹೋಲಿಸಿ.

ಈ ಅಗ್ಗದ ಸೆನ್ಸರ್‌ಗಳು ಬೆಳಕಿನ ಚದುರುವಿಕೆಯಿಂದ ಕಣ ಎಣಿಸುತ್ತವೆ. ತೇವಾಂಶ ಶೇ. 80 ದಾಟಿದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ಅಂಕಿ ಸುಮ್ಮಸುಮ್ಮನೆ ಏರುತ್ತದೆ. ತೇವಾಂಶವನ್ನೂ ದಾಖಲಿಸದ ಉಪಕರಣ ಕೊಳ್ಳಬೇಡಿ. ಪಿಎಂ 2.5ಕ್ಕೆ (2.5 ಮೈಕ್ರಾನ್‌ವರೆಗಿನ ಸಣ್ಣ ಕಣ) ನಂಬಬಹುದು, ಪಿಎಂ 10ಕ್ಕೆ (10 ಮೈಕ್ರಾನ್‌ವರೆಗಿನ ಕಣ) ಇಲ್ಲ, ದಪ್ಪ ಕಣಗಳು ಅದರ ಕಣ್ಣಿಗೇ ಬೀಳುವುದಿಲ್ಲ. ಅಂದರೆ ತುಮಕೂರು ರಸ್ತೆಯ ಧೂಳಿನ ಬಹುಪಾಲು ನಿಮ್ಮ ಲೆಕ್ಕಕ್ಕೆ ಸಿಗದು. ಎಲೆಕ್ಟ್ರೋಪ್ಲೇಟಿಂಗ್ (ಲೋಹದ ಲೇಪ ಕೊಡುವ) ಘಟಕಗಳ ಆಮ್ಲದ ಅನಿಲವೂ ಸಿಗದು. ಘಾಟು ಬಂದಾಗ ಸಮಯ, ಗಾಳಿಯ ದಿಕ್ಕು ಬರೆದಿಟ್ಟು ಮಂಡಳಿಯ ಪ್ರಾದೇಶಿಕ ಕಚೇರಿಗೆ ದೂರು ಕೊಡಿ, ಘಟಕಕ್ಕೆ ಕೊಟ್ಟ ಸಮ್ಮತಿಪತ್ರದ ಷರತ್ತುಗಳನ್ನು ಆರ್‌ಟಿಐನಲ್ಲಿ ಪಡೆಯಿರಿ.

ನೆಲದಿಂದ ಸುಮಾರು 3 ಮೀಟರ್ ಎತ್ತರ, ಮಳೆ ತಾಗದ ಆದರೆ ಗಾಳಿಯಾಡುವ ಜಾಗ, ಹೋಟೆಲ್ ಒಲೆ ಮತ್ತು ಜನರೇಟರ್‌ನಿಂದ ದೂರ. ನಿಂತುಹೋಗುವುದು ಸಾಮಾನ್ಯವಾಗಿ ಚಿಕ್ಕ ಕಾರಣಗಳಿಗೆ: ಒಳಗೆ ಜೇಡರ ಬಲೆ, ಫ್ಯಾನಿಗೆ ಧೂಳು, ಮನೆಯವರು ವೈಫೈ ಪಾಸ್‌ವರ್ಡ್ ಬದಲಿಸಿದ್ದು. ಸಿಮ್ ಇರುವುದನ್ನೇ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ಬ್ರಷ್ ಹಾಕುವವರು ಯಾರು ಎಂದು ಹೆಸರು ಬರೆದಿಡಿ.

ಹಸಿರೆಲೆ:
ಮೇಲಿನವರ ಮಾತಿಗೆ ಸೇರಿಸುವುದು: ಅಳೆದರೆ ಹೊಗೆ ಕಡಿಮೆಯಾಗುವುದಿಲ್ಲ. 8 ಲಕ್ಷದಲ್ಲಿ ಸೆನ್ಸರ್, ಬಿಡಿಭಾಗ, ಸಿಮ್ ಎಲ್ಲ ಸೇರಿ 2 ಲಕ್ಷ ದಾಟಬಾರದು. ತರಗೆಲೆ ಒಯ್ಯಲು ಅರ್ಧ ದಿನ ದುಡಿಯುವ ಇಬ್ಬರಿಗೆ ತಿಂಗಳಿಗೆ ತಲಾ 10,000 ಅಂದರೆ ವರ್ಷಕ್ಕೆ 2,40,000. ಇದು ಮೊದಲು ಬರೆಯಬೇಕಾದ ಸಾಲು. ಹಣ ಕೊಡುವವರು ಸಂಬಳ ಬೇಡ, ಸಾಮಾನು ತೋರಿಸಿ ಅನ್ನುತ್ತಾರೆ. ಬಿಟ್ಟುಕೊಡಬೇಡಿ, ಜನ ಇಲ್ಲದಿದ್ದರೆ ಉಳಿದ ಖರ್ಚೆಲ್ಲ ದಂಡ.

ಎಲೆಗೆ ಬೆಂಕಿ ಬೀಳುವುದು ಅದನ್ನು ಒಯ್ಯುವವರಿಲ್ಲದ ಕಡೆ. 13 ಅಡಿ ಉದ್ದ, 4 ಅಡಿ ಅಗಲದ ವೆಲ್ಡ್ ಮೆಶ್ ಸುತ್ತಿ ಕಟ್ಟಿದರೆ 4 ಅಡಿ ವ್ಯಾಸದ ಗೂಡು, ಸುಮಾರು 50 ಘನ ಅಡಿ ಎಲೆ ಹಿಡಿಯುತ್ತದೆ. ಒಂದಡಿ ಎಲೆ ತುಳಿದು, ಮೇಲೆ ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ, ಮತ್ತೆ ಎಲೆ. ಹಿಡಿ ತುಂಬ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಮೂರು-ನಾಲ್ಕು ತಿಂಗಳಲ್ಲಿ ಗೊಬ್ಬರ. ಮಾವು, ಹಲಸಿನ ಎಲೆ ತಡ, ಪುಡಿ ಮಾಡಿ ಹಾಕಿ. ರಸ್ತೆ ಅಂಚಿನಲ್ಲಿ ಇಡಬೇಡಿ: ಮಾರ್ಚ್‌ನಲ್ಲಿ ಒಣಗಿದ ಗೂಡಿಗೆ ಒಂದು ಬೀಡಿ ಕಿಡಿ ಸಾಕು. ನಲ್ಲಿ ಹತ್ತಿರವಿರುವ ಪಾರ್ಕ್ ಮೂಲೆ ಹುಡುಕಿ, ಪಾಲಿಕೆಯ ಅನುಮತಿ ಪಡೆಯಿರಿ.

ಕಸ ಸುಡುವವರಿಗೆ 2016ರ ಡಿಸೆಂಬರ್‌ನ ಹಸಿರು ನ್ಯಾಯಮಂಡಳಿ ಆದೇಶದಲ್ಲಿ 5,000 ರೂ., ದೊಡ್ಡ ರಾಶಿಗೆ 25,000 ರೂ. ಪರಿಹಾರ ಹಣ ವಿಧಿಸಲು ಹೇಳಿದೆ. ಸೆನ್ಸರ್ ಅಂಕಿ ಅದಕ್ಕೆ ಸಾಕ್ಷಿಯಾಗದು. ಆದರೆ 15 ನಿಮಿಷದ ಸರಾಸರಿ ನೋಡಿದರೆ ಬೆಂಕಿ ಬೀಳುವ ಹೊತ್ತು ಗೊತ್ತಾಗುತ್ತದೆ. ಆ ಇಬ್ಬರ ಕೆಲಸದ ವೇಳೆಯನ್ನು ಆ ಹೊತ್ತಿಗೇ ಇಡಿ.

ದಾಸರಹಳ್ಳಿ_ನಿವಾಸಿ:
ತುಂಬಾ ಉಪಕಾರವಾಯಿತು. ರಸ್ತೆ ಧೂಳಿಗೆ ಸಂಸದರ ನಿಧಿ ಕೇಳಬಹುದೇ? ಅಮೆರಿಕದಲ್ಲಿರುವ ನಮ್ಮ ಬಡಾವಣೆಯ ಕೆಲವರು ಹಣ ಕಳಿಸುತ್ತೇವೆ ಅನ್ನುತ್ತಿದ್ದಾರೆ.

ಲೆಕ್ಕಪತ್ರ:
ಸಂಸದರ ನಿಧಿ ವರ್ಷಕ್ಕೆ 5 ಕೋಟಿ, ಶಾಶ್ವತ ಆಸ್ತಿಗೆ ಮಾತ್ರ. ಸಂಬಳ, ನಿರ್ವಹಣೆಗೆ ಇಲ್ಲ. ರಸ್ತೆ ಅಂಚಿನ ಬರಿಮಣ್ಣಿಗೆ ಇಂಟರ್‌ಲಾಕ್ ಕಲ್ಲು ಹಾಸುವಂಥದ್ದನ್ನು ಕೇಳಿ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರೂ ಇದೆ, ಆದರೆ ಆ ಹಣ ಸಂಘಗಳಿಗೆ ಬರುವುದಿಲ್ಲ. ಅದರಲ್ಲಿ ನಿಮ್ಮ ರಸ್ತೆಯನ್ನು ಸೇರಿಸಿ ಎಂದು ಪಾಲಿಕೆಗೆ ಬರೆಯಬಹುದು.

ವಿದೇಶದಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದವರು, ಒಸಿಐ (ಭಾರತದ ಸಾಗರೋತ್ತರ ಪ್ರಜೆ) ಕಾರ್ಡ್ ಇದ್ದರೂ, ವಿದೇಶಿ ಮೂಲ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅವರಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಪ್ರತಿಯೊಬ್ಬರಿಂದ ಪಾಸ್‌ಪೋರ್ಟ್ ಪ್ರತಿ ಪಡೆದು ಕಡತದಲ್ಲಿ ಇಟ್ಟುಕೊಳ್ಳಿ.