ಸಹಾಯ ಬೇಕು: ಅಕ್ಕನ ಸಿಲಿಕೋನ್ ಇಂಪ್ಲಾಂಟ್ ಸೋರಿದೆಯಂತೆ

ನಮಸ್ಕಾರ. ನಮ್ಮ ಅಕ್ಕನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆದಮೇಲೆ 2012ರಲ್ಲಿ ಸಿಲಿಕೋನ್ ಇಂಪ್ಲಾಂಟ್ (ಜೆಲ್ ತುಂಬಿದ ಕೃತಕ ಸ್ತನ) ಹಾಕಿದ್ದರು. ಈಗ ಕಂಕುಳಲ್ಲಿ ಗಂಟು. ಕ್ಯಾನ್ಸರೇ ಮತ್ತೆ ಬಂತೇನೋ ಅಂತ ಮನೆಯವರೆಲ್ಲ ಹೆದರಿಬಿಟ್ಟೆವು. ಅಲ್ಟ್ರಾಸೌಂಡ್ ನೋಡಿದ ಡಾಕ್ಟರು, ಇಂಪ್ಲಾಂಟ್ ಒಡೆದು ಜೆಲ್ ಸುತ್ತಲಿನ ಪೊರೆ ದಾಟಿ ಕಂಕುಳ ಲಿಂಫ್ ಗ್ರಂಥಿಗೆ ಸೇರಿರಬಹುದು ಅಂದರು. ನೋವಿಲ್ಲ, ಆಕಾರವೂ ಬದಲಾಗಿಲ್ಲ. ಸಲೈನ್ (ಉಪ್ಪುನೀರು ತುಂಬಿದ) ಇಂಪ್ಲಾಂಟ್ ಒಡೆದರೆ ಕುಗ್ಗಿ ಗೊತ್ತಾಗುತ್ತದೆ, ಸಿಲಿಕೋನ್ ಸುಮ್ನೆ ಒಳಗೇ ಇರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸಿಲಿಕೋನ್ ಇಂಪ್ಲಾಂಟ್ ಹಾಕಿ 5–6 ವರ್ಷಕ್ಕೆ ಮೊದಲ ಸ್ಕ್ಯಾನ್, ಆಮೇಲೆ 2–3 ವರ್ಷಕ್ಕೊಮ್ಮೆ ಮಾಡಿಸಿ ಅನ್ನುತ್ತದೆ. ನಮಗೆ ಯಾರೂ ಹೇಳಿರಲಿಲ್ಲ!

ಇಂಪ್ಲಾಂಟ್ ನೋಡುವ ಸ್ತನದ ಎಂಆರ್‌ಐ ಬೆಂಗಳೂರಲ್ಲಿ ಎಲ್ಲಿ ಚೆನ್ನಾಗಿ ಮಾಡುತ್ತಾರೆ? ಜಯನಗರ, ಬನಶಂಕರಿ ಕಡೆ ಆದರೆ ಅನುಕೂಲ. ಒಡೆದ ಇಂಪ್ಲಾಂಟ್ ತೆಗೆದು ಅನುಭವ ಇರುವ ಪ್ಲಾಸ್ಟಿಕ್ ಸರ್ಜನ್ ಯಾರಾದರೂ ಗೊತ್ತಾ? ಲೇಡಿ ಡಾಕ್ಟರ್ ಆದರೆ ಅಕ್ಕನಿಗೆ ಮುಜುಗರ ಕಡಿಮೆ. ಗಂಟಿಗೆ ಬಯಾಪ್ಸಿ ಹೇಗೂ ಮಾಡಿಸುತ್ತೇವೆ. ಇನ್ಶೂರೆನ್ಸ್ ಸಿಕ್ಕವರಿದ್ದರೆ ಅದನ್ನೂ ತಿಳಿಸಿ.